ಆವಾಗ ನಮ್ಮೂರಾಗ ಏನಿತ್ತ್ರೀ?

(ಗಂಗಾವತಿ ಹತ್ತಿರದ ಹೈಸ್ಕೂಲಿನ ಮಾಸ್ತರರೊಬ್ಬರು ಬರೆದ ಪತ್ರ. ಹೆಸರು ಹಾಕಬೇಡಿ ಎಂದಿದ್ದಾರೆ.)

ಮಾನ್ಯ ಸಂಪಾದಕರೇ,

ಹೋದ ತಿಂಗಳ ‘ಜಗತ್ತಿನ ಅಚ್ಚರಿಗಳು’ ಪುಟ ಚೆನ್ನಾಗಿತ್ತು. ಈಜಿಪ್ಟಿನ ದೊಡ್ಡ ಪಿರಮಿಡ್ ಕಟ್ಟುವಾಗ ಮ್ಯಾಮತ್ ಆನೆಗಳು ಇನ್ನೂ ಬದುಕಿದ್ದವು, ಕ್ಲಿಯೋಪಾತ್ರಳ ಕಾಲಕ್ಕೆ ಪಿರಮಿಡ್ಡಿಗಿಂತ ಚಂದ್ರನ ಮೇಲೆ ಮನುಷ್ಯ ಇಳಿದ ದಿನವೇ ಹತ್ತಿರ, ಇವೆರಡನ್ನೂ ಒಂಬತ್ತನೇ ಕ್ಲಾಸಿನಲ್ಲಿ ಓದಿ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸರ್, ಆವಾಗ ನಮ್ಮೂರಾಗ ಏನಿತ್ತ್ರೀ?” ಎಂದ. ಎಲ್ಲರೂ ನಕ್ಕರು. “ಏನಿರ್ತೈತಿ, ಅಡವಿ ಇತ್ತು, ಕೂಡು” ಎಂದು ಕೂಡಿಸಿದೆ. ನನಗನಿಸುವುದು ಇಷ್ಟು: ನಮ್ಮ ಮಕ್ಕಳಿಗೆ ಬೇಕಾದದ್ದು ದೊಡ್ಡ ಜಗತ್ತಿನ ದೊಡ್ಡ ಕಥೆಗಳು. ಊರಿನ ಗುಡ್ಡ, ಕಲ್ಲು, ಕೋಟೆ ಇವನ್ನೆಲ್ಲ ಜಾತ್ರೆಯ ಸ್ಮರಣ ಸಂಚಿಕೆಗೆ ಬಿಡೋಣ. ಪುಟವನ್ನು ಹೀಗೇ ನಡೆಸಿಕೊಂಡು ಹೋಗಿ.

ಸಂಪಾದಕರ ಉತ್ತರ:

ಮಾಸ್ತರೇ, ಪುಟ ಹೊಗಳಿದ್ದಕ್ಕೆ ಥ್ಯಾಂಕ್ಸ್. ನಿಮ್ಮ ಪತ್ರ ಮೇಜಿನ ಮೇಲೆ ಹದಿನೈದು ದಿನ ಕೂತಿತ್ತು. ಎರಡು ಸಲ ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ ಸಿಟ್ಟು ಜಾಸ್ತಿ ಇತ್ತು.

ನಿಮ್ಮ ಮಾತಿನಲ್ಲಿ ನಿಜ ಇದೆ, ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ಮಕ್ಕಳಿಗೆ ಜಗತ್ತು ಗೊತ್ತಾಗಬೇಕು. ರಾಂಗೆಲ್ ದ್ವೀಪ ಎಲ್ಲಿದೆ ಎಂದು ಹುಡುಕಲಿಕ್ಕಾದರೂ ನಕಾಶೆ ಬಿಚ್ಚಲಿ. ಸೈಬೀರಿಯಾದ ಉತ್ತರಕ್ಕಿರುವ ಆ ಚಳಿ ದ್ವೀಪದಲ್ಲಿ ಸುಮಾರು 4,000 ವರ್ಷದ ಹಿಂದಿನವರೆಗೂ ಮ್ಯಾಮತ್‌ಗಳಿದ್ದವು. ಪಿರಮಿಡ್ಡಿಗೆ ಆಗಲೇ ಐದುನೂರು ವರ್ಷ ವಯಸ್ಸಾಗಿತ್ತು. ಚೆಂದದ ಕಥೆ. ಅಲ್ಲಿಗೆ ನಮ್ಮ ನಿಮ್ಮ ಒಪ್ಪಂದ ಮುಗಿಯಿತು.

ಹುಡುಗ ಕೇಳಿದ್ದು ಬೇರೇನು? ನಾನು ಆ ಪುಟದಲ್ಲಿ ಮಾಡಿದ್ದು ಈಜಿಪ್ಟಿನ ತಾರೀಖಿನ ಪಕ್ಕ ಸೈಬೀರಿಯಾದ ತಾರೀಖು ಇಟ್ಟಿದ್ದು. ಅದೇ ಸಾಲಿನಲ್ಲಿ ನಮ್ಮೂರನ್ನೂ ಇಡಿ ಎಂದು ಅವನು ಕೇಳಿದ. ಇಡೀ ಕ್ಲಾಸಿನಲ್ಲಿ ಪುಟ ಸರಿಯಾಗಿ ಓದಿದವನು ಅವನೊಬ್ಬನೇ. ಅವನನ್ನು ನೋಡಿ ನಕ್ಕಿರಿ. ಇರಲಿ, ಅಡವಿ ಇತ್ತು ಅಂದಿರಲ್ಲ, ಅದು ತಪ್ಪು ಉತ್ತರ. ಮಾರ್ಕ್ಸ್ ಕೊಡುವ ಹಾಗಿದ್ದರೆ ಸೊನ್ನೆ.

ಪಿರಮಿಡ್ ಕಟ್ಟುವ ಹೊತ್ತಿಗೆ ನಮ್ಮ ಕಡೆ ದನದ ಹಟ್ಟಿಗಳಿದ್ದವು. ಸಾವಿರಾರು ದನ. ಅವುಗಳ ಸಗಣಿಯನ್ನು ಒಂದೇ ಕಡೆ ಒಟ್ಟಿ, ಒಟ್ಟಿ, ಆಮೇಲೆ ಬೆಂಕಿ ಇಡುತ್ತಿದ್ದರು. ಮತ್ತೆ ಒಟ್ಟುವುದು, ಮತ್ತೆ ಸುಡುವುದು. ತಲೆಮಾರುಗಟ್ಟಲೆ ಇದೇ ಕೆಲಸ. ಬೆಂಕಿ ಎಷ್ಟು ಜೋರಾಗಿರುತ್ತಿತ್ತು ಅಂದರೆ ಕೆಲವು ಕಡೆ ಬೂದಿ ಕರಗಿ, ಗಾಜಿನ ಹಾಗೆ ಗಟ್ಟಿಯಾಗಿ, ಕಬ್ಬಿಣದ ಕಿಟ್ಟದಂತೆ ಆಗಿದೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಕುಡತಿನಿ ಹತ್ತಿರ ಸಿಗುವ ದಿಬ್ಬ ಇದೇ. ಜನ ಅದನ್ನು ಬೂದಿಕಣಿವೆ ಅಂದರು. ರಾಕ್ಷಸನನ್ನು ಸುಟ್ಟ ಜಾಗ ಅಂತಲೂ ಹೇಳಿಕೊಂಡು ಬಂದರು. ಹಂಪಿ ಹತ್ತಿರದ ನಿಂಬಾಪುರದಲ್ಲಿ ಇಂಥದೇ ಬೂದಿಗೆ ವಾಲಿಯ ಚಿತೆ ಎಂದು ಹೆಸರು. ನಗಬೇಡಿ. ಓದು ಬರಹ ಬಲ್ಲವರೂ ಇದಕ್ಕಿಂತ ಚೆನ್ನಾಗೇನೂ ಊಹಿಸಲಿಲ್ಲ. ಮದ್ರಾಸ್ ಸೇನೆಯ ಅಧಿಕಾರಿ ನ್ಯೂಬೋಲ್ಡ್ 1836ರಲ್ಲಿ ಇದರ ಬಗ್ಗೆ ಬರೆದಾಗ ತಲೆಬರಹದಲ್ಲೇ ಜ್ವಾಲಾಮುಖಿಯ ಕಿಟ್ಟ ಎಂದಿದ್ದ. ಬಳ್ಳಾರಿಯಲ್ಲಿ ಜ್ವಾಲಾಮುಖಿ! ಏಳು ವರ್ಷ ಬಿಟ್ಟು ಮತ್ತೆ ಬರೆದ. ಅಷ್ಟೊತ್ತಿಗೆ ಜ್ವಾಲಾಮುಖಿ ಮಾಯವಾಗಿ, ಪುರಾತನ ಬೂದಿದಿಬ್ಬ ಎಂದಾಗಿತ್ತು. ತನ್ನ ಮಾತನ್ನು ತಾನೇ ತಿದ್ದಿಕೊಂಡವರೆಂದರೆ ನನಗೆ ಪ್ರೀತಿ ಜಾಸ್ತಿ.

ಸಗಣಿ ಎಂದು ಗುರುತಿಸಿದವನು ರಾಬರ್ಟ್ ಬ್ರೂಸ್ ಫೂಟ್. ಬಂಡೆ ಪರೀಕ್ಷೆ ಮಾಡುವ ಸರ್ಕಾರಿ ಕೆಲಸದವನು, ಬಳ್ಳಾರಿ ಜಿಲ್ಲೆಯನ್ನು ಕಾಲಲ್ಲಿ ಅಳೆದಿದ್ದ. ಅವನ ಮಾತು ನಂಬದವರು ಇನ್ನೂ ಅರವತ್ತು ವರ್ಷ ಜಗಳವಾಡಿದರು. 1957ರಲ್ಲಿ ಪುರಾತತ್ವ ವಿದ್ವಾಂಸ ರೇಮಂಡ್ ಆಲ್ಚಿನ್ ಕೃಷ್ಣೆಯ ಆಚೆ, ಈಗಿನ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆದರು. ಬೂದಿಯ ಪದರದಲ್ಲಿ ಏನು ಸಿಕ್ಕಿತು ಗೊತ್ತಾ? ದನದ ಗೊರಸಿನ ಗುರುತು. ಮಳೆಗಾಲದಲ್ಲಿ ನಿಮ್ಮ ಹಟ್ಟಿ ಮುಂದೆ ಕೆಸರಲ್ಲಿ ಬೀಳುತ್ತದಲ್ಲ, ಎರಡು ಸೀಳಿನ ಗುರುತು, ಅದೇ. ಸುತ್ತ ದನ ಕೂಡುವ ಬೇಲಿಗೆ ಹುಗಿದ ಮರದ ಕಂಬಗಳ ಕುಳಿಗಳು. ಜಗಳ ಮುಗಿಯಿತು.

(ಈಗ ಕುಡತಿನಿಯಲ್ಲಿ ಕಲ್ಲಿದ್ದಲಿನಿಂದ ಕರೆಂಟು ಮಾಡುವ ದೊಡ್ಡ ಸ್ಥಾವರ ಇದೆ. ಆ ಊರಿಗೆ ಬೂದಿ ಬಿಟ್ಟು ಬೇರೆ ಋಣ ಇಲ್ಲವೇನೋ.)

ಇನ್ನೊಂದು ಹೇಳುತ್ತೇನೆ. ಇದು ನನ್ನ ಕಿವಿಯಾರೆ ಕೇಳಿದ್ದು. ಬಳ್ಳಾರಿ ಊರಾಚೆ ಸಂಗನಕಲ್ಲು, ಕಪ್ಪಗಲ್ಲು ಎಂಬ ಊರುಗಳಿವೆ. ಅಲ್ಲಿಯ ಹಿರೇಗುಡ್ಡದಲ್ಲಿ ಕರಿಕಲ್ಲಿನ ದೊಡ್ಡ ಏಣು ಹಾದುಹೋಗಿದೆ. ಹಳೇ ಕಾಲದವರು ಅಲ್ಲಿ ಕಲ್ಲಿನ ಕೊಡಲಿ ಮಾಡುತ್ತಿದ್ದರು. ಮಾಡಿದ ಚಕ್ಕೆಗಳು ಇವತ್ತೂ ಕಾಲಡಿ ಕಿರಗುಡುತ್ತವೆ. ಗೆಳೆಯರೊಬ್ಬರು ಹತ್ತಿಸಿಕೊಂಡು ಹೋಗಿದ್ದರು. ಬಂಡೆಗಳ ಮೇಲೆ ಕುಟ್ಟಿ ಕುಟ್ಟಿ ಬಿಡಿಸಿದ ಎತ್ತುಗಳು, ಉದ್ದ ಕೊಂಬು, ಎದ್ದು ಕಾಣುವ ಡುಬ್ಬ. ನಾನು ಎತ್ತು ಎಣಿಸುತ್ತ ನಿಂತಿದ್ದೆ. ಅವರು ಮುಷ್ಟಿಯಷ್ಟು ಕಲ್ಲೊಂದನ್ನು ಎತ್ತಿಕೊಂಡು, ಒಂದು ಬಂಡೆಯ ಮೇಲಿದ್ದ ನುಣುಪಾದ ಕುಳಿಗೆ ಮೆಲ್ಲಗೆ ತಟ್ಟಿದರು. ಠಣ್ ಎಂದಿತು. ಕಲ್ಲಿನ ಸದ್ದಲ್ಲ, ಗುಡಿಯ ಜಾಗಟೆ ಸದ್ದು. ಪಕ್ಕದ ಕುಳಿಗೆ ತಟ್ಟಿದರೆ ಬೇರೆ ಸ್ವರ. ಆ ಕುಳಿಗಳು ಬಿದ್ದದ್ದೇ ಬಾರಿಸಿ ಬಾರಿಸಿ. ತಟ್ಟುವ ಕಲ್ಲನ್ನು ಅವರು ನನ್ನ ಕೈಗೆ ಕೊಟ್ಟರು. ನನಗೆ ಬಾರಿಸಲು ಧೈರ್ಯ ಬರಲಿಲ್ಲ, ವಾಪಸ್ ಕೊಟ್ಟೆ.

ಫಾಸೆಟ್ ಎಂಬವರು 1892ರಲ್ಲೇ ಈ ಬಂಡೆಗಳ ಬಗ್ಗೆ ಬರೆದಿದ್ದರು. ಆಮೇಲೆ ವಿದ್ವಾಂಸರು ಹೆಚ್ಚುಕಡಿಮೆ ಮರೆತೇಬಿಟ್ಟರು. ನೂರು ವರ್ಷ ಕಳೆದು, 2000ರ ನಂತರ ಪುರಾತತ್ವ ವಿದ್ವಾಂಸೆ ನಿಕೋಲ್ ಬೊಯ್ವಿನ್ ಮತ್ತು ಜೊತೆಯವರು ಮತ್ತೆ ಹುಡುಕಿ ಬರೆದಾಗ ಹೊರದೇಶದ ಪತ್ರಿಕೆಗಳೂ ‘ಕಲ್ಲಿನ ಸಂಗೀತ’ ಎಂದು ಅಚ್ಚು ಹಾಕಿದವು. ದನ ಕಾಯುವ ಹುಡುಗರನ್ನು ಕೇಳಿದ್ದರೆ ಅವರೇ ಹೇಳುತ್ತಿದ್ದರು.

ಇಲ್ಲಿ ಒಂದು ಮಾತು. ನಾನು ‘ನಮ್ಮದೇ ಮೊದಲು, ನಮ್ಮದೇ ದೊಡ್ಡದು’ ಎನ್ನುವ ಗುಂಪಿನವನಲ್ಲ. ವಾರಕ್ಕೆ ಎರಡಾದರೂ ಅಂಥ ಲೇಖನ ಬರುತ್ತವೆ. ನಮ್ಮೂರು ಜಗತ್ತಿನ ಮೊದಲ ಊರು, ಯುನೆಸ್ಕೋದವರೇ ಹೇಳಿದ್ದಾರೆ, ದಯವಿಟ್ಟು ಪ್ರಕಟಿಸಿ. ಯಾವಾಗ ಹೇಳಿದರು, ಎಲ್ಲಿ ಹೇಳಿದರು ಎಂದು ಕೇಳಿದರೆ ವಾಟ್ಸಾಪ್ ತೋರಿಸುತ್ತಾರೆ. ಅಂಥವರಿಗೆ ನಾನು ಊಟದ ತಟ್ಟೆ ನೋಡಿಕೊಳ್ಳಿ ಎನ್ನುತ್ತೇನೆ. ಜೋಳದ ರೊಟ್ಟಿಗಿಂತ ನಮ್ಮದು ಅನ್ನುವಂಥದ್ದು ಇನ್ನೇನಿದೆ? ಆ ಜೋಳ ಆಫ್ರಿಕಾದ್ದು. ಸುಡಾನ್ ಕಡೆಯ ಜನ ಕಾಡುಹುಲ್ಲನ್ನು ಪಳಗಿಸಿ ಬೆಳೆ ಮಾಡಿದರು, ಆಮೇಲೆ ಅದು ಸಮುದ್ರ ದಾಟಿ ಬಂತು. ಸಂಗನಕಲ್ಲಿನ ಹಳೇ ಮಣ್ಣನ್ನು ನೀರಲ್ಲಿ ತೊಳೆದು, ಸುಟ್ಟ ಕಾಳು ಆರಿಸಿದಾಗ ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆ. ಎತ್ತುಗಳನ್ನು ಬಂಡೆಗೆ ಕುಟ್ಟಿದವರು ಹೊಟ್ಟೆಗೆ ತಿಂದದ್ದು ಅದನ್ನೇ. ಈಗ ಸಿರಿಧಾನ್ಯ ಮೇಳದಲ್ಲಿ ಕೊರಲೆ ಏನು ರೇಟಿಗೆ ಹೋಗುತ್ತದೆ, ನೋಡಿದ್ದೀರಲ್ವಾ?

ಹಾಗಾಗಿ ಮಾಸ್ತರೇ, ಜಗತ್ತಿನ ಇತಿಹಾಸ ಬೇರೆ, ಊರಿನ ಇತಿಹಾಸ ಬೇರೆ ಎಂದು ನೀವು ಗೆರೆ ಹೊಡೆದಿರಲ್ಲ, ಆ ಗೆರೆಯೇ ನನಗೆ ಕಾಣುತ್ತಿಲ್ಲ. ಅದು ಪಠ್ಯಪುಸ್ತಕಕ್ಕೆ ಹಾಕಿದ ಬೈಂಡು ಅಷ್ಟೇ.

ನಿಮ್ಮ ಮೇಲೆ ನನಗೆ ಬಂದ ನಿಜವಾದ ಸಿಟ್ಟು ಬೇರೆ. ನಿಮ್ಮದು ಗಂಗಾವತಿ. ಹಿರೇಬೆಣಕಲ್ಲು ಅಲ್ಲಿಂದ ಹತ್ತು ಕಿಲೋಮೀಟರ್. ಬೈಕ್ ತೆಗೆದರೆ ಚಹಾ ಕುಡಿದು ಬರುವಷ್ಟು ದೂರ. ಗುಡ್ಡದ ಮೇಲೆ ಸುಮಾರು 400 ಕಲ್ಲುಗೋರಿಗಳು. ಮೂರು ಕಡೆ ಕಲ್ಲಿನ ಹಲಗೆ ನಿಲ್ಲಿಸಿ, ಮೇಲೊಂದು ಹಲಗೆ ಹೊದಿಸಿದ ಮನೆಗಳ ಹಾಗೆ ಕಾಣುತ್ತವೆ. ಕೆಲವು ಆಳೆತ್ತರಕ್ಕಿಂತ ಎತ್ತರ. ಕೆಲವಕ್ಕೆ ದುಂಡನೆಯ ಕಿಂಡಿ. ಮೊರೇರ ಮನೆಗಳು, ಕುಳ್ಳರು ಕಟ್ಟಿದ್ದು ಎಂದು ಜನ ಹೇಳುತ್ತಾರೆ. ಫಿಲಿಪ್ ಮೆಡೋಸ್ ಟೇಲರ್ 1835ರಲ್ಲಿ ಇದನ್ನು ನೋಡಿ ಬರೆದ. ಗ್ರೀಸಿನಲ್ಲಿ ಒಲಿಂಪಿಕ್ಸ್ ಓಟ ಶುರುವಾಯಿತು ಅನ್ನುವ ಕಾಲ, ಅಲೆಕ್ಸಾಂಡರ್ ಬ್ಯಾಬಿಲೋನಿನಲ್ಲಿ ಸತ್ತ ಕಾಲ, ಇದರ ನಡುವೆಯೆಲ್ಲ ನಿಮ್ಮ ಗುಡ್ಡದಲ್ಲಿ ಬಂಡೆ ಸೀಳಿ ಹಲಗೆ ಎತ್ತಿ ನಿಲ್ಲಿಸುತ್ತಿದ್ದರು. ಅಲ್ಲೂ ಒಂದು ಸದ್ದಿನ ಕಲ್ಲಿದೆ, ಬಂಡೆಯ ನೆತ್ತಿಯ ಮೇಲೆ ನಗಾರಿಯ ಆಕಾರದ ಗುಂಡು. ಹೊಡೆದರೆ ಬಲು ದೂರ ಕೇಳುತ್ತದೆ. 2021ರಲ್ಲಿ ಈ ಜಾಗ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಇದು ವಾಟ್ಸಾಪ್ ಸುದ್ದಿಯಲ್ಲ, ನಿಜ. ನಿಮ್ಮ ಪತ್ರದಲ್ಲಿ ಪಿರಮಿಡ್ ಎರಡು ಸಲ ಬಂದಿದೆ. ಹಿರೇಬೆಣಕಲ್ಲು ಒಂದು ಸಲವೂ ಇಲ್ಲ.

ನಿಮ್ಮೊಬ್ಬರನ್ನೇ ಬೈದು ಏನು ಪ್ರಯೋಜನ. ಕೊಪ್ಪಳದ ಗವಿಮಠದ ಜಾತ್ರೆಗೆ ಲಕ್ಷ ಲಕ್ಷ ಜನ ಸೇರುತ್ತಾರೆ. ಗುಡ್ಡದ ಮೇಲಿನ ಬಂಡೆಯಲ್ಲಿ ಅಶೋಕನ ಶಾಸನ ಇದೆ ಎಂದು ಹತ್ತಿ ನೋಡಿದವರು ಎಷ್ಟು ಮಂದಿ? ಜಾತ್ರೆಯ ಸ್ಮರಣ ಸಂಚಿಕೆ ಅಂದಿರಲ್ಲ, ಅದಕ್ಕೆ ನೆನಪಾಯಿತು.

ಅಶೋಕನದ್ದು ಬಂತು ಅಂದಮೇಲೆ ರಾಯಚೂರು ಜಿಲ್ಲೆಯ ಮಸ್ಕಿ ಬಿಡಲಿಕ್ಕಾಗುವುದಿಲ್ಲ. ಈ ಪತ್ರಿಕೆಯ ಹಳೇ ಓದುಗರು ‘ಮತ್ತೆ ಮಸ್ಕಿಗೆ ಬಂದರು’ ಎಂದು ನಗುತ್ತಾರೆ, ಗೊತ್ತು. ನಮ್ಮ ತಾಯಿಯ ತವರು ಆ ಕಡೆ. ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿದರು. ದೇಶದ ಉದ್ದಗಲ ಬಂಡೆಗಳಲ್ಲಿ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ರಾಜ ಸಿಕ್ಕ. ಅವನು ಯಾರು? ಸಿಂಹಳದ ಹಳೇ ಗ್ರಂಥ ನೋಡಿ, ಅಶೋಕನೇ ಇರಬೇಕು ಎಂದು ಲೆಕ್ಕ ಹಾಕಿದರು. ಆದರೆ ಒಂದು ಶಾಸನದಲ್ಲೂ ಅಶೋಕ ಎಂಬ ಹೆಸರಿಲ್ಲ. ಹೀಗೇ ಎಪ್ಪತ್ತೆಂಟು ವರ್ಷ ಕಳೆಯಿತು. 1915ರ ಜನವರಿ 27ರಂದು ಸಿ. ಬೀಡನ್ ಎಂಬ ಗಣಿ ಇಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಚಿನ್ನ ಹುಡುಕುತ್ತಿದ್ದ. ಹಟ್ಟಿ ಚಿನ್ನದ ಗಣಿಯ ಸೀಮೆಯಲ್ಲವೇ, ಹಳೇ ಕಾಲದವರು ಅಗೆದುಬಿಟ್ಟ ಗುಂಡಿಗಳ ಜಾಡು ಹಿಡಿದರೆ ಚಿನ್ನ ಸಿಗುತ್ತದೆ ಎಂಬ ಆಸೆ. ಚಿನ್ನದ ಬದಲು ಅಕ್ಷರ ಕಂಡಿತು. ಓದಿ ನೋಡಿದರೆ ‘ದೇವಾನಾಂಪಿಯಸ ಅಸೋಕಸ’. ಹೆಸರು ಸಿಕ್ಕಿಬಿಟ್ಟಿತು!

ಆಮೇಲೆ ಇನ್ನೂ ಮೂರು ಕಡೆ ಅವನ ಶಾಸನದಲ್ಲಿ ಹೆಸರು ಸಿಕ್ಕಿತು. ಒಂದು ಮಧ್ಯಪ್ರದೇಶದ ಗುಜರ್ರಾ. ಉಳಿದೆರಡು ನಿಟ್ಟೂರು, ಉಡೆಗೋಳಂ. ಎರಡೂ ನಮ್ಮ ಬಳ್ಳಾರಿ ಜಿಲ್ಲೆಯವು. ನಾಲ್ಕರಲ್ಲಿ ಮೂರು ತುಂಗಭದ್ರೆಯ ಎಡಬಲದಲ್ಲೇ ಇವೆ. ಪಾಟಲೀಪುತ್ರದವನು ಇಷ್ಟು ದೂರ ಬಂದು ಹೆಸರು ಹೇಳಿಕೊಂಡದ್ದು ಯಾಕೋ. ಮಸ್ಕಿಯ ಆ ಬಂಡೆಯಲ್ಲಿ ಇನ್ನೊಂದು ಮಾತಿದೆ, ಅದನ್ನು ನಿಮಗಾಗಿಯೇ ಹೇಳುತ್ತಿದ್ದೇನೆ. ಇದು ದೊಡ್ಡವರಿಗೆ ಮಾತ್ರ ಸಿಗುವಂಥದ್ದು ಎಂದು ತಿಳಿಯಬೇಡಿ, ಸಣ್ಣವರಿಗೂ ಸಿಗುತ್ತದೆ, ಇಬ್ಬರಿಗೂ ಹೇಳಿ ಎಂಬ ಅರ್ಥದ ಮಾತು. ಹಿಂದಿನ ಬೆಂಚಿನವನಿಗೂ ಹೇಳಿ ಎಂದು ನಾನು ಓದಿಕೊಂಡೆ.

ನಾನು ಓದಿದ್ದು ರಾಯಚೂರಲ್ಲಿ. ಕೋಟೆಯ ಗೋಡೆಯಲ್ಲಿ ಒಂದು ಕಲ್ಲಿದೆ, 41 ಅಡಿ ಉದ್ದ. ಕೋಟೆ ಕಟ್ಟಿಸಿದ ಗೋರೆ ಗಂಗಯ್ಯ ರೆಡ್ಡಿಯ ಹೆಸರಿರುವ 1294ರ ಶಾಸನ ಅದರ ಮೇಲೆ. ಇಷ್ಟುದ್ದದ ಕಲ್ಲನ್ನು ತಂದದ್ದು ಹೇಗೆ ಎಂದು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಅವರೇ ಪಕ್ಕದಲ್ಲಿ ಚಿತ್ರ ಕೆತ್ತಿಟ್ಟಿದ್ದಾರೆ. ಬಂಡಿ, ಬಂಡಿಯ ಮೇಲೆ ಕಲ್ಲು, ಮುಂದೆ ಸಾಲಾಗಿ ಕೋಣಗಳು, ಹಿಂದೆ ಚಕ್ರಕ್ಕೆ ಸನ್ನೆಗೋಲು ಕೊಟ್ಟು ನೂಕುವ ಜನ. ಪಿರಮಿಡ್ಡಿನ ಕಲ್ಲು ಹೇಗೆ ಎತ್ತಿದರು ಎಂಬುದಕ್ಕೆ ಯೂಟ್ಯೂಬಿನಲ್ಲಿ ಸಾವಿರ ವಿಡಿಯೋ. ಬೇರೆ ಗ್ರಹದವರು ಬಂದಿದ್ದರು ಎಂಬುವವರೂ ಇದ್ದಾರೆ. ನಮ್ಮಲ್ಲಿ ಕೋಣ ಬಂದಿತ್ತು.

ಅದೇ ರಾಯಚೂರಿನ ಯುದ್ಧದ ಬಗ್ಗೆ ನನ್ನ ಶಾಲೆಯ ಪುಸ್ತಕದಲ್ಲಿ ಒಂದು ಸಾಲಿತ್ತು. ಪಾಣಿಪತ್ತಿಗೆ ಮೂರು ಪುಟ. ಬಾಬರ ಪಾಣಿಪತ್ತಿನಲ್ಲಿ ತೋಪು ಹಾರಿಸಿದ್ದು 1526ರಲ್ಲಿ. ರಾಯಚೂರಿನಲ್ಲಿ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನೂ ಎದುರುಬದುರು ನಿಂತದ್ದು 1520ರ ಮೇ ತಿಂಗಳಲ್ಲಿ, ನಮ್ಮ ಮೇ ಬಿಸಿಲಲ್ಲಿ! ಆದಿಲ್ ಶಾಹನ ತೋಪುಗಳು ಮೊದಲು ರಾಯನ ಸೈನ್ಯವನ್ನು ಚದುರಿಸಿದವು, ಆದರೂ ಗೆದ್ದವನು ರಾಯ. ಆಮೇಲೆ ಕೋಟೆ ಬಗ್ಗಿಸಲು ಕ್ರಿಸ್ತೊವಾವ್ ದ ಫಿಗೆರೇದೊ ಎಂಬ ಪೋರ್ಚುಗೀಸನ ಜೊತೆಯವರು ಕೋವಿ ಹಿಡಿದು, ಗೋಡೆ ಮೇಲೆ ತಲೆ ಎತ್ತಿದವರನ್ನು ಹೊಡೆದು ಉರುಳಿಸಿದರು. ಕೋಟೆಯ ನಾಯಕ ಏನಾಗುತ್ತಿದೆ ಎಂದು ಇಣುಕಿದ. ಗುಂಡು ಹಣೆಗೇ ಬಿತ್ತು. ಇದನ್ನೆಲ್ಲ ಬರೆದಿಟ್ಟವನು ನೂನಿಜ್, ಪೋರ್ಚುಗೀಸ್ ಕುದುರೆ ವ್ಯಾಪಾರಿ. ಅವನ ಬರಹ ಮುನ್ನೂರೈವತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದು, ಪ್ಯಾರಿಸ್ಸಿನಲ್ಲಿ ಸಿಕ್ಕಿ, 1897ರಲ್ಲಿ ಲಿಸ್ಬನ್‌ನಲ್ಲಿ ಅಚ್ಚಾಯಿತು.

ಈಗ ನಿಮ್ಮ ಇಷ್ಟದ ಹಾಗೆ ಜಗತ್ತನ್ನು ಪಕ್ಕದಲ್ಲಿ ಇಡೋಣ. ಮೇ ತಿಂಗಳಲ್ಲಿ ರಾಯಚೂರು. ಜೂನ್ 30ರ ರಾತ್ರಿ ಮೆಕ್ಸಿಕೋದಲ್ಲಿ ಕೊರ್ತೆಸ್ ಎಂಬ ಸ್ಪೇನಿನವನು ಅಜ್ಟೆಕ್ ರಾಜಧಾನಿಯಿಂದ ಪೆಟ್ಟು ತಿಂದು ಓಡಿಹೋದ. ನವೆಂಬರಿನಲ್ಲಿ ಮೆಗೆಲನ್ ದಕ್ಷಿಣ ಅಮೆರಿಕದ ತುದಿ ದಾಟಿ ದೊಡ್ಡ ಸಮುದ್ರಕ್ಕೆ ಇಳಿದ. ಎಲ್ಲ ಒಂದೇ ವರ್ಷ. ಅವರಿಗೂ ನಮಗೂ ಏನು ಸಂಬಂಧ ಅಂತೀರಾ? ಸಂಜೆ ಐದಕ್ಕೆ ಸ್ಕೂಲ್ ಬಿಟ್ಟು ಬಸ್‌ಸ್ಟ್ಯಾಂಡ್ ಕಡೆ ಬರುತ್ತೀರಿ. ಬಂಡಿಯವನು ಒಗ್ಗರಣೆ ಮಂಡಕ್ಕಿ ಮೇಲೆ ಎರಡು ಮಿರ್ಚಿ ಇಟ್ಟು ಪೇಪರಿನಲ್ಲಿ ಕೊಡುತ್ತಾನೆ. ಆ ಮೆಣಸಿನಕಾಯಿ ಆ ಮೆಕ್ಸಿಕೋ ಕಡೆಯದು. ಮಂಡಕ್ಕಿ ಮೇಲೆ ಉದುರಿಸಿದ ಶೇಂಗಾ ದಕ್ಷಿಣ ಅಮೆರಿಕದ್ದು. ಅದ್ದಿದ ಕಡಲೆಹಿಟ್ಟಿನ ಕಡಲೆ ತುರ್ಕಿ ಸೀಮೆಯಿಂದ ಬಂದದ್ದು. ಪೋರ್ಚುಗೀಸರ ಹಡಗು ತರುವ ಮುಂಚೆ ನಮ್ಮವರಿಗೆ ಖಾರ ಅಂದರೆ ಮೆಣಸು. ಅದಕ್ಕೇ ಹೊಸದಾಗಿ ಬಂದದ್ದು ಮೆಣಸಿನ ಕಾಯಿ ಆಯಿತು. ಹೊಸ ವಸ್ತುವಿಗೆ ಹಳೇ ಹೆಸರು ಹೊಂದಿಸಿದ ಆ ಜಾಣ ಯಾರೋ, ಅವನಿಗೆ ಒಂದು ಕಲ್ಲೂ ಇಲ್ಲ, ಶಾಸನವೂ ಇಲ್ಲ.

ಇರುವ ಕಲ್ಲುಗಳ ಗತಿಯೂ ಹೇಳುವಂತಿಲ್ಲ. ನಿಧಿ ಆಸೆಗೆ ಕಲ್ಲುಗೋರಿಗಳ ಹಲಗೆ ಕೆಡವಿ ನೆಲ ಬಗೆದಿದ್ದಾರೆ. ಅಲ್ಲಿ ಸಿಗುವುದು ಮೂಳೆ, ಮಡಕೆ. ಹುಡುಗರು ಬಣ್ಣದಲ್ಲಿ ಹೃದಯ ಬರೆದು ಬಾಣ ಹೊಡೆದಿದ್ದಾರೆ. ಬೂದಿದಿಬ್ಬಗಳ ಬೂದಿ ಗೊಬ್ಬರವಾಗಿ, ರಸ್ತೆಗೆ ತುಂಬುವ ಮಣ್ಣಾಗಿ ಹೋಗಿದೆ. ಕಲ್ಲು ಕ್ವಾರಿಯ ಸಿಡಿಮದ್ದು ಕಪ್ಪಗಲ್ಲಿನ ಗುಡ್ಡವನ್ನೂ ಕಚ್ಚಿತ್ತು. ದಾರಿ ತೋರಿಸುವ ಒಂದು ಬೋರ್ಡು ಹಾಕಿಸಿ ಎಂದು ಒಂದು ಕಚೇರಿಗೆ ನಾನು ಮೂರು ಪತ್ರ ಬರೆದೆ. ಮೂರನೆಯದಕ್ಕೆ ಉತ್ತರ ಬಂತು: ತಮ್ಮ ಅರ್ಜಿಯನ್ನು ಸಂಬಂಧಪಟ್ಟವರಿಗೆ ಕಳಿಸಲಾಗಿದೆ. ಸಂಬಂಧಪಟ್ಟವರು ಅವರೇ ಎಂದುಕೊಂಡು ನಾನು ಬರೆದಿದ್ದೆ. ನಮ್ಮ ವರದಿಗಾರರನ್ನೇ ತಗೊಳ್ಳಿ, ಮಂತ್ರಿ ಬಂದರೆ ನಾಲ್ಕು ಫೋಟೋ ಕಳಿಸುತ್ತಾರೆ, ಬಂಡೆ ಬಿದ್ದರೆ ಒಂದೂ ಇಲ್ಲ. ಆ ತಪ್ಪು ನನ್ನದೇ ಮನೆಯದು, ಅದಕ್ಕೆ ಜಾಸ್ತಿ ಬರೆಯುವುದಿಲ್ಲ.

ಮಾಸ್ತರೇ, ಬೈದದ್ದು ಸಾಕು. ನೀವು ಪುಟ ಓದಿ ಹೇಳಿದಿರಿ, ಹುಡುಗನ ಪ್ರಶ್ನೆಯನ್ನು ಮರೆಯದೆ ನನಗೂ ಬರೆದಿರಿ. ಬೇರೆಯವರಾಗಿದ್ದರೆ ಕ್ಲಾಸಿನಲ್ಲೇ ಬಿಟ್ಟು ಬರುತ್ತಿದ್ದರು.

ಡಿಸೆಂಬರಿನ ಒಂದು ಭಾನುವಾರ ಹಿರೇಬೆಣಕಲ್ಲಿಗೆ ಹೋಗಿ. ಆ ಹುಡುಗನನ್ನೂ ನಕ್ಕವರನ್ನೂ ಕರೆದುಕೊಂಡು ಹೋಗಿ. ಬಿಸಿಲೇರುವ ಮುಂಚೆ ಹತ್ತಬೇಕು. ನೀರಿನ ಬಾಟಲಿ ಒಬ್ಬರಿಗೆ ಎರಡಾದರೂ ಇರಲಿ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ, ಕಲ್ಲುಗೋರಿಗಳಿಂದ ದೂರ ಕೂತು ಉಣ್ಣಿ. ನಗಾರಿ ಗುಂಡನ್ನು ಬಾರಿಸಲು ಹೋಗಬೇಡಿ, ಮೊದಲೇ ಹೇಳಿರುತ್ತೇನೆ. ಬಂದ ಮೇಲೆ ಹುಡುಗ ಎರಡು ಹಾಳೆ ಬರೆಯಲಿ. ಆವಾಗ ನಮ್ಮೂರಾಗ ಏನಿತ್ತು ಎಂಬುದೇ ತಲೆಬರಹ. ಅವನು ಮಾತಾಡುವ ಹಾಗೇ ಬರೆಯಲಿ, ನೀವು ತಿದ್ದಬೇಡಿ. ಫೆಬ್ರವರಿ ಸಂಚಿಕೆಯ ‘ಜಗತ್ತಿನ ಅಚ್ಚರಿಗಳು’ ಪುಟ ಅವನಿಗೆ ಖಾಲಿ ಇಟ್ಟಿದ್ದೇನೆ. ಜನವರಿ 10ರೊಳಗೆ ಕೈಸೇರಬೇಕು. ಅಂಚೆ ಖರ್ಚು ನಮ್ಮದು.